ಓಬಮ್ಮನ ಮರಿಗೆ ಬ್ರಷ್ ಕಟರ್

ಹರಿಯೋ ಕಾಲುವೆಗೆ ಇಳಿದು, ಮೂರು ಟನ್ನಿನ ಮರಿ ಹಿಟಾಚಿನ ಒಂದೇ ಕೈಯಲ್ಲಿ ಎತ್ತಿ ದಡಕ್ಕೆ ಇಟ್ಟವನು ನಾನು!

ಸುಳ್ಳು ಬಿಡಿ. ನೀರು ತುಂಬಿದ ಕೊಡ ಎತ್ತೋಕೂ ನನಗೆ ಎರಡು ಕೈ ಬೇಕು. ಆದ್ರೆ ಎತ್ತಿದ್ದು ಮರಿನೇ, ಅದು ಮಾತ್ರ ನಿಜ. ಕೂತ್ಕೊಳ್ಳಿ, ಹೇಳ್ತೀನಿ. ಇನ್ನೊಂದು ಟೀ ಬರಲಿ.

ಹಿರಿಯೂರಿನ ಕಡೆ ಓಬಮ್ಮ ಅಂತ ಒಬ್ಬಳು ಗಟ್ಟಿಗಿತ್ತಿ. ಗಂಡ ಸತ್ತ ಮೇಲೆ ಮಣ್ಣು ತೋಡೋ ಒಂದು ಸಣ್ಣ ಹಿಟಾಚಿ ತಗೊಂಡಳು. ಊರವರು ಅದಕ್ಕೆ ‘ಓಬಮ್ಮನ ಮರಿ’ ಅಂತ ಹೆಸರಿಟ್ಟರು. ಅದನ್ನ ಓಡಿಸೋನು ಅವಳ ಒಬ್ಬನೇ ಮಗ ಪಾಲಯ್ಯ. ಮೆಷಿನ್ನು ಅವನ ಕೈಲಿ ಚೆನ್ನಾಗಿ ಓಡ್ತಿತ್ತು. ಯಾಕೆ ಅಂದ್ರೆ ಅದೂ ಅವನ ಥರಾನೇ. ಹೇಳಿದ್ದಷ್ಟೇ ಮಾಡೋದು, ಒಂದು ಕೂದಲಷ್ಟೂ ಆಚೆ ಈಚೆ ಇಲ್ಲ.

ಆ ವರ್ಷ ಕಾಲುವೆ ತುಂಬ ಬಳ್ಳಾರಿ ಜಾಲಿ ಬೆಳೆದುಬಿಟ್ಟಿತ್ತು. ಕೊನೇ ಹೊಲಗಳಿಗೆ ನೀರು ಮುಟ್ಟೋ ಮಾತೇ ಇಲ್ಲ. ಓಬಮ್ಮ ಊರ ಮುಂದೆ ನಿಂತು ಮಾತು ಕೊಟ್ಟಳು: “ನೀರು ಬಿಡೋದರೊಳಗೆ ನಮ್ಮ ಮರಿ ಕೈಲಿ ಕಾಲುವೆ ಬೋಳಿಸಿಕೊಡ್ತೀನಿ. ಆಗದಿದ್ರೆ ಇನ್ಮೇಲೆ ಕಾಲುವೆ ಕೆಲಸವೆಲ್ಲ ಪಕ್ಕದೂರಿನ ದೊಡ್ಡ ಮೆಷಿನ್ನಿನವನಿಗೇ ಕೊಡಿ, ನಾನು ಕೇಳಲ್ಲ!”

ಮಾತೇನೋ ಕೊಟ್ಟಳು. ಆದ್ರೆ ಬಕೆಟ್ಟಲ್ಲಿ ಮಣ್ಣು ತೋಡಬಹುದು, ಜಾಲಿ ಕತ್ತರಿಸೋಕೆ ಆಗುತ್ತಾ? ಅದಕ್ಕೆ ಬ್ರಷ್ ಕಟರ್ ಅಂತ ಬೇರೆ ಸಾಮಾನೇ ಬರುತ್ತೆ. ಬಕೆಟ್ ಬಿಚ್ಚಿ ಅದೇ ಜಾಗಕ್ಕೆ ಸಿಕ್ಕಿಸಬೇಕು. ಮಗನನ್ನ ಕರೆದಳು.

“ಲೇ ಪಾಲ, ಪೇಟೆಗೆ ಹೋಗಿ ನಮ್ಮ ಮರಿಗೆ ಒಂದು ಬ್ರಷ್ ಕಟರ್ ನೋಡ್ಕೊಂಡು ಬಾರೋ!”

“ಯಾವ ಮರಿಗಮ್ಮಾ?” ಅಂದ. ಹಟ್ಟಿ ಮುಂದೆ ಒಂದು ಕುರಿಮರೀನೂ ಕಟ್ಟಿತ್ತು ನೋಡಿ.

“ಕುರಿಗೆ ಯಾವನಾದ್ರೂ ಕಟರ್ ಹಾಕ್ತಾನೇನೋ? ಹಿಟಾಚಿಗೆ!”

ಹೋದ. ಸಂಜೆ ಕೈ ಬೀಸ್ಕೊಂಡು ಬಂದ.

“ನೋಡಿದ್ಯೇನೋ?”

“ನೋಡ್ದೆ.”

“ಹೆಂಗಿತ್ತು?”

“ಹಳದಿಯಾಗಿತ್ತು.”

“ಆಮೇಲೆ?”

“ಆಮೇಲೆ ಬಂದೆ. ನೋಡ್ಕೊಂಡು ಬಾ ಅಂದೆ, ನೋಡ್ಕೊಂಡು ಬಂದೆ!”

ಓಬಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಕರ್ಮವೇ! ಬರೀ ನೋಡಿದ್ರೆ ಆಯ್ತೇನೋ? ಅಂಗಡಿಯವರ ಮುಂದೆ ಬಾಯಿ ಬಿಡಬೇಕು ಕಣೋ, ಬಾಯಿ ಬಿಡಬೇಕು!”

“ಮೊದಲೇ ಹೇಳಬಾರದಾ!” ಅಂದ ಪಾಲ. ಮಾರನೇ ದಿನ ಹೊರಟ.

ಮೆಷಿನ್ ಸಾಮಾನಿನ ಅಂಗಡಿ ದಸ್ತಗೀರ್ ಸಾಬ್ರದ್ದು. ಪಾಲ ನೆಟ್ಟಗೆ ಅವರ ಮುಂದೆ ಹೋಗಿ ನಿಂತು ಬಾಯಿ ಬಿಟ್ಟ. ಆ… ಅಂತ ಬಿಟ್ಟ. ಕಿರುನಾಲಿಗೆ ಕಾಣೋ ಹಂಗೆ ಬಿಟ್ಟ.

“ಏನಾಯ್ತು ತಮ್ಮಾ? ಹಲ್ಲು ನೋವಾ?” ಅಂದ್ರು ಸಾಬ್ರು.

ಬಾಯಿ ಬಿಟ್ಟೋನು ಮಾತಾಡೋದು ಹೆಂಗೆ? “ಆ… ಆ…” ಅಂದ.

“ಪಾಪ!” ಅಂತ ಸಾಬ್ರೇ ಕೈ ಹಿಡಿದು ಎದುರುಗಡೆ ಹಲ್ಲಿನ ಡಾಕ್ಟ್ರ ಹತ್ರ ಬಿಟ್ಟು ಬಂದ್ರು. ಡಾಕ್ಟ್ರಮ್ಮ ಟಾರ್ಚು ಬಿಟ್ಟು ನೋಡಿ, “ಹಲ್ಲೆಲ್ಲ ಚೆನ್ನಾಗೇ ಇದೆಯಲ್ಲಪ್ಪ. ಏನು ಬೇಕಿತ್ತು?” ಅಂದ್ರು. ಕುರ್ಚಿಯಿಂದ ಎದ್ದ ಮೇಲೆ ಪಾಲ ಬಾಯಿ ಮುಚ್ಚಿ ಹೇಳಿದ: “ಬ್ರಷ್ಷು!”

“ಮೆತ್ತಗಿರೋದಾ, ಗಟ್ಟಿದಾ?”

“ಜಾಲಿಗೆ ತಡೀಬೇಕು.”

“ಹಂಗಾದ್ರೆ ಗಟ್ಟೀದೇ ತಗೊ” ಅಂತ ಡಾಕ್ಟ್ರಮ್ಮ ಕೊಟ್ಟು ಕಳಿಸಿದ್ರು.

ಓಬಮ್ಮ ಆ ಬ್ರಷ್ ಹಿಡ್ಕೊಂಡು ಒಂದು ಗಳಿಗೆ ಹಿಟಾಚಿ ನೋಡಿದಳು, ಒಂದು ಗಳಿಗೆ ಮಗನ್ನ ನೋಡಿದಳು.

“ಇದನ್ನ ಎಲ್ಲಿಗೆ ಸಿಕ್ಕಿಸ್ಲೋ, ನಿನ್ನ ಕಿವಿಗಾ? ಮೆಷಿನ್ನಿಗೆ ಹೊಂದಬೇಕೋ ಬೇಡ್ವೋ? ಕೈಯಲ್ಲಿರೋ ಪಿನ್ನು ನೋಡು! ಆ ಪಿನ್ನು ಎಷ್ಟಿದೆಯೋ ಅದಕ್ಕೆ ಸರಿಯಾಗಿ ಕಟರ್ ಕೇಳು!”

ಹಿಟಾಚಿಗೆ ಇರೋದು ಒಂದು ಉದ್ದನೆ ಕೈ, ಅದರ ತುದೀಲಿ ಬಕೆಟ್ ಸಿಕ್ಕಿಸೋ ಕಬ್ಬಿಣದ ಪಿನ್ನು. ಓಬಮ್ಮ ಹೇಳಿದ್ದು ಅದನ್ನ. ಪಾಲ ನೋಡಿದ್ದು? ಅಮ್ಮನ ಕೈ! ಹೆಂಗಸರು ಬಳೆಗೆ ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿರ್ತಾರಲ್ಲ, ಅದು. ಅವಳು ಮಧ್ಯಾಹ್ನ ಕಣ್ಣು ಮುಚ್ಚಿದ್ದಾಗ ಮೆಲ್ಲಗೆ ಬಿಚ್ಚಿಕೊಂಡು ಪೇಟೆ ಹಾದಿ ಹಿಡಿದ.

“ಸಾಬ್ರೇ, ಈ ಪಿನ್ನಿಗೆ ಹೊಂದೋ ಕಟರ್ ಕೊಡಿ!”

ಸಾಬ್ರು ಪಿನ್ನು ನೋಡಿದ್ರು. ಪಾಲನ್ನ ನೋಡಿದ್ರು. ನಗು ಬಂದ್ರೂ ನಗಲಿಲ್ಲ, ದೊಡ್ಡ ಮನುಷ್ಯ. ತಮ್ಮ ಬೀಗದ ಕೈ ಗೊಂಚಲಿಂದ ಉಗುರು ಕತ್ತರಿಸೋ ನೇಲ್ ಕಟರ್ ಬಿಚ್ಚಿ ಕೈಗಿಟ್ಟರು. “ಇದಕ್ಕೆ ಇದೇ ಸರಿ ತಮ್ಮಾ.”

ಪಾಲ ಓಡೋಡಿ ಬಂದ. “ಅಮ್ಮಾ! ಅವತ್ತು ಬ್ರಷ್ಷು ತಂದೆ, ಇವತ್ತು ಕಟರ್ ತಂದೆ. ಎರಡೂ ಸೇರಿಸ್ಕೋ, ಬ್ರಷ್ ಕಟರ್ ಆಯ್ತು!”

ಓಬಮ್ಮ ಪೊರಕೆ ತಗೊಂಡಳು. ಅವನು ಹಿಟಾಚಿ ಸುತ್ತ ಓಡಿದ, ಅವಳು ಹಿಂದೆ ಓಡಿದಳು. ಸುಸ್ತಾಗಿ ಕೂತು ಹೇಳಿದಳು: “ನೋಡು, ನೀರು ಬಿಡೋ ದಿನ ಹತ್ರ ಬಂತು, ನನ್ನ ಮಾನ ಹೋಗುತ್ತೆ! ಬುದ್ಧಿಯಿಟ್ಟು ಕೇಳು. ನಮ್ಮದು ಮರಿ. ದೊಡ್ಡ ಕಟರ್ ತಿರುಗಿಸೋವಷ್ಟು ಎಣ್ಣೆ ಅದರ ಪೈಪಲ್ಲಿ ಹರಿಯಲ್ಲ. ಅದಕ್ಕೇ, ಕಮ್ಮಿ ಎಣ್ಣೆ ಕುಡಿದು ಜಾಲಿ ಚೆನ್ನಾಗಿ ಕಡಿಯೋದು ಬೇಕು ಅಂತ ಹೇಳು. ತಿಳೀತಾ?”

“ತಿಳೀತು. ಕಮ್ಮಿ ಎಣ್ಣೆ ಕುಡಿಬೇಕು, ಜಾಲಿ ಚೆನ್ನಾಗಿ ಕಡಿಬೇಕು.”

ಅದನ್ನೇ ಜಪ ಮಾಡ್ತಾ ಹೋದ. ಸಾಬ್ರ ಅಂಗಡಿ ಬಾಗಿಲು ಹಾಕಿತ್ತು. ಪಕ್ಕದಲ್ಲಿ ಬ್ರಾಂದಿ ಅಂಗಡಿ ಬಾಗಿಲು ತೆರೆದಿತ್ತು. ಅಲ್ಲಿ ನಿಂತು ಕೂಗಿದ: “ಕಮ್ಮಿ ಎಣ್ಣೆ ಕುಡಿದು ಜಾಲಿ ಕಡಿಯೋದು ಇದೆಯಾ?”

ಒಳಗಿದ್ದೋರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡ್ರು. ಕಮ್ಮಿ ಕುಡಿಯೋನು ಅಲ್ಲಿ ಯಾಕೆ ಇರ್ತಾನೆ? ಆದ್ರೆ ಬಾಗಿಲ ಹೊರಗೆ ಒಬ್ಬ ಸಭ್ಯಸ್ಥ ಬೋಂಡಾ ತಿಂತಾ ಕೂತಿದ್ದ. ಎಲ್ಲರೂ ಅವನ ಕಡೆ ಬೆರಳು ತೋರಿಸಿದ್ರು.

ಆ ಸಭ್ಯಸ್ಥ ಯಾರು ಅಂತೀರಾ? ನಗಬೇಡಿ. ನಾನೇ.

ಪಾಲ ನನ್ನ ರಟ್ಟೆ ಹಿಡಿದು ಬಸ್ ಹತ್ತಿಸಿದ. ಊಟ ಹಾಕ್ತಾರೆ ಅಂದ, ಹೋದೆ. ಹಟ್ಟಿ ಮುಂದೆ ನನ್ನ ಇಳಿಸಿ, “ಅಮ್ಮಾ, ತಂದೆ! ಹಬ್ಬಕ್ಕೆ ಮಾತ್ರ ಕುಡಿಯುತ್ತಂತೆ!” ಅಂದ. ಅಂದೋನೇ ಸ್ಪ್ಯಾನರ್ ತಗೊಂಡು ಬಕೆಟ್ ಬಿಚ್ಚೋಕೆ ಶುರು ಮಾಡಿದ. ಬಿಚ್ಚಿ ಆ ಜಾಗಕ್ಕೆ ನನ್ನ ಸಿಕ್ಕಿಸಬೇಕಂತೆ! ನನ್ನ ಸೊಂಟಕ್ಕೆ ಪಿನ್ನಿನ ಅಳತೆ ಬೇರೆ ಹಿಡಿದು ನೋಡಿದ.

ಓಬಮ್ಮ ಈ ಸಲ ಬಯ್ಯಲೂ ಇಲ್ಲ. ತಲೆ ಮೇಲೆ ಕೈ ಹೊತ್ತು ಕೂತಳು. ಮಾರನೇ ದಿನ ಬಿಟ್ಟು ಆಚೆ ದಿನ ಕಾಲುವೆಗೆ ನೀರು. ಆ ಮುಖ ನೋಡಿ, ಉಳಿದಿದ್ದ ಬೋಂಡಾನ ಮತ್ತೆ ಕಾಗದಕ್ಕೆ ಸುತ್ತಿಟ್ಟೆ. “ಅಕ್ಕಾ, ಸಾಬ್ರ ಅಂಗಡಿ ಬೆಳಿಗ್ಗೆ ತೆಗೀತಾರೆ, ನೀವೇ ಬನ್ನಿ” ಅಂದೆ.

ಬಂದಳು. ಸಾಬ್ರು ಎರಡು ಥರ ತೋರಿಸಿದ್ರು. ಒಂದು ತಟ್ಟೆ ಥರ ತಿರುಗೋದು, ದಪ್ಪ ಕೊಂಬೆ ಕಡಿಯುತ್ತೆ, ಆದ್ರೆ ಕಲ್ಲಿಗೆ ತಾಗಿದ್ರೆ ಕಲ್ಲನ್ನೇ ಊರಿಗೆ ಎಸೆಯುತ್ತೆ. ಇನ್ನೊಂದು ಉರುಳೆ, ಸುತ್ತ ನೇತಾಡೋ ಹಲ್ಲು. ಕಲ್ಲು ಸಿಕ್ಕಿದ್ರೆ ಹಲ್ಲು ಹಿಂದಕ್ಕೆ ಮಡಚಿಕೊಳ್ಳುತ್ತೆ, ಹಗುರ, ಎಣ್ಣೇನೂ ಕಮ್ಮಿ. “ನಮ್ಮ ಕಾಲುವೆ ತುಂಬ ಕಲ್ಲು ಸಾಬ್ರೇ, ಹಲ್ಲಿರೋದೇ ಇರಲಿ” ಅಂದಳು ಓಬಮ್ಮ. ಅಷ್ಟೇ! ಒಂದು ಲೋಟ ಟೀ ಆರೋದರೊಳಗೆ ವ್ಯಾಪಾರ ಮುಗೀತು.

ಸಂಜೆಗೆ ಕಟರ್ ಸಿಕ್ಕಿಸಿದ್ದೂ ಆಯ್ತು, ಊಟದಾಸೆಗೆ ನಾನೂ ಅಲ್ಲೇ ಉಳಿದೆ. ಮಲಗೋ ಮುಂಚೆ ಓಬಮ್ಮ ದಿನಾ ಹೇಳೋ ಹಂಗೆ ಹೇಳಿದಳು: “ಲೇ ಪಾಲ, ಬೆಳಿಗ್ಗೆ ಎದ್ದ ತಕ್ಷಣ ಬ್ರಷ್ ಮಾಡು. ಆಮೇಲೇ ಟೀ.”

ಕೋಳಿ ಕೂಗಿತು. ಪಾಲ ಎದ್ದ. ಹಿಟಾಚಿ ಹತ್ತಿದ. ಕಾಲುವೆಗೆ ಇಳಿದ. ಬ್ರಷ್ ಮಾಡಿದ ನೋಡಿ! ಈ ತುದಿಯಿಂದ ಆ ತುದಿಗೆ ಗರಗರ ಗರಗರ. ಓಬಮ್ಮ ಎದ್ದು ಓಡಿ ಬರೋ ಹೊತ್ತಿಗೆ ಕಾಲುವೆ ಕ್ಷೌರ ಮಾಡಿದ ಕೆನ್ನೆ ಥರ ನುಣ್ಣಗಿತ್ತು!

“ಎಲ್ಲಾ ಮುಗಿಸಿಬಿಟ್ಯೇನೋ ನನ್ನಪ್ಪಾ!”

“ಬ್ರಷ್ ಮಾಡು ಅಂದೆ, ಮಾಡ್ದೆ. ಟೀ ಕೊಡು.”

ಓಬಮ್ಮ ಸೆರಗಲ್ಲಿ ಕಣ್ಣು ಒರೆಸಿಕೊಂಡಳು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ತಾಯಿ ಬಾಯಿ, ಸುಮ್ಮನಿರುತ್ತಾ? “ಟೀ ತರ್ತೀನಿ. ಮೊದಲು ಹಲ್ಲು ಉಜ್ಜು!” ಅಂದು ಹೋದಳು.

ನಾನೂ ಅವಳೂ ಟೀ ಹಿಡ್ಕೊಂಡು ಬಂದು ನೋಡ್ತೀವಿ: ಕಾಲುವೆ ನಡುವೆ ಹಿಟಾಚಿ. ಅದರ ಮುಂದೆ ಕುಕ್ಕರಗಾಲಲ್ಲಿ ಪಾಲ. ಡಾಕ್ಟ್ರಮ್ಮ ಕೊಟ್ಟ ಗಟ್ಟಿ ಬ್ರಷ್ಷಿಗೆ ಪೇಸ್ಟ್ ಹಾಕಿ ಕಟರ್‌ನ ಹಲ್ಲು ಉಜ್ಜುತ್ತಿದ್ದಾನೆ! ಒಂದೊಂದೇ ಹಲ್ಲು, ಒಳಗೂ ಹೊರಗೂ. ಅವನ ಪಕ್ಕ ಹಗ್ಗ ಕಿತ್ಕೊಂಡು ಬಂದ ಕುರಿಮರಿ ಕತ್ತರಿಸಿದ ಸೊಪ್ಪು ಮೇಯ್ತಿದೆ.

ಅಷ್ಟರಲ್ಲಿ ಮೇಲಿಂದ ಜುಳುಜುಳು. ಹೇಳಿದ ಹೊತ್ತಿಗಿಂತ ಮೊದಲೇ ನೀರು ಬಿಟ್ಟಿದ್ದಾರೆ!

ಓಬಮ್ಮ ಎದೆ ಬಡ್ಕೊಂಡು ಕೂಗಿದಳು: “ಲೇ ಪಾಲಾ! ನೀರು ಬಂತು! ಮರಿ ಮೇಲೆ ತಗೊಂಡು ಬಾರೋ, ಮರಿ!”

ಪಾಲ ನೀರು ನೋಡಿದ. ಅಮ್ಮನ್ನ ನೋಡಿದ. ಒಂದೇ ನೆಗೆತಕ್ಕೆ ಕುರಿಮರಿ ಬಾಚಿ ತಬ್ಬಿಕೊಂಡು ಸರಸರ ಹತ್ತಿದ. ದಡಕ್ಕಲ್ಲ, ಹಿಟಾಚಿ ಟಾಪಿಗೆ! ಅಲ್ಲಿ ನಿಂತು ಕೂಗಿದ:

“ಮೇಲೆ ತಂದೆ ಅಮ್ಮಾ! ಹೆದರಬೇಡ, ಮರಿಗೆ ಒಂದು ಹನೀನೂ ತಾಗಿಲ್ಲ!”

ಕೆಳಗೆ ಹಿಟಾಚಿ ಎಮ್ಮೆ ಥರ ನೀರಲ್ಲಿ ನಿಂತಿತ್ತು. ನೀರು ಅದರ ಪಕ್ಕ ಹಾದು, ನುಣ್ಣಗಾದ ಕಾಲುವೆಯಲ್ಲಿ ಕೊನೇ ಹೊಲಕ್ಕೆ ಹೋಗಿ ಮುಟ್ಟಿತು. ಓಬಮ್ಮನ ಮಾತು ಉಳೀತು, ಮರಿ ಅರ್ಧ ಮುಳುಗ್ತು. ನೀರು ನಿಲ್ಲಿಸೋವರೆಗೂ ಅದು ಅಲ್ಲೇ. ಹಲ್ಲು ಮಾತ್ರ ಫಳಫಳ.

ಸೊಂಟಮಟ್ಟದ ನೀರಿಗಿಳಿದು ಮರೀನ ಎತ್ತಿ ದಡಕ್ಕೆ ತಂದವನು ನಾನೇ. ಕುರಿಮರಿ. ಎರಡು ಕೈಯಲ್ಲಿ. ಅದೂ ಒದೀತು.

ನಾನು ಎಣ್ಣೆ ಕಮ್ಮಿ ಕುಡಿಯೋನು, ಅದಕ್ಕೆ ಸಾಕ್ಷಿ ಇದೆ. ಟೀ ಒಂದು ಮಾತ್ರ ತಡೆಯೋಕಾಗಲ್ಲ. ಇದರ ದುಡ್ಡು ನೀವೇ ಸ್ವಲ್ಪ ನೋಡ್ಕೊಳ್ಳಿ.

ಅಯ್ಯೋ… ಬರೀ ನೋಡ್ತಾ ಕೂತ್ರಲ್ಲ ಸ್ವಾಮಿ!