ಸೋಬಾನೆಗೆ ಬಂದವರು

ವೈದ್ಯನಾಗಿದ್ದ ಶಿಷ್ಯನೊಬ್ಬ ಗುರುಗಳ ಬಳಿಗೆ ಬಂದು ಕೇಳಿದ:

“ಗುರುಗಳೇ, ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದ ಮುದುಕರೊಬ್ಬರಿಗೆ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಕೊಟ್ಟೆವು. ಇನ್ನೂ ಪರೀಕ್ಷೆಯಲ್ಲಿರುವ ಚಿಕಿತ್ಸೆ. ಮಿದುಳಿನಲ್ಲಿ ಸತ್ತ ಕೋಶಗಳ ಜಾಗಕ್ಕೆ ಹೊಸವು ಬಂದು ಕೆಲಸ ಮಾಡುತ್ತವೆ ಎಂದು ನಂಬಿದ್ದೆ. ಮೊನ್ನೆ ಅವರ ಕೈ ಎದ್ದಿತು. ಎರಡು ದಿನದಿಂದ ಮಿದುಳಿನ ಚಿತ್ರಗಳನ್ನು ತಿರುವುತ್ತಿದ್ದೇನೆ, ನಾವು ಕೊಟ್ಟ ಕೋಶಗಳ ಗುರುತೇ ಇಲ್ಲ. ಹಾಗಾದರೆ ಕೈ ಎತ್ತಿದವರು ಯಾರು? ನನ್ನ ಚಿಕಿತ್ಸೆ ಗೆದ್ದಿತೋ, ಸೋತಿತೋ?”

ಗುರುಗಳಿಗೆ ಆಗಲೇ ನಗು ಬಂದಿತ್ತು.

“ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ಮಗಳು. ಅವಳ ಧಾರೆಗೆ ಸೋಬಾನೆ ಹಾಡಿಸಬೇಕೆಂದು ಅವನ ಆಸೆ. ಆದರೆ ಆ ಊರಿನಲ್ಲಿ ಸೊಲ್ಲು ಎತ್ತಿಕೊಡುತ್ತಿದ್ದ ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ಅವಳ ಹಿಂದೆ ಹಾಡುತ್ತಿದ್ದ ಹೆಂಗಸರು ಅಂದಿನಿಂದ ಬಾಯಿ ಬಿಟ್ಟಿರಲಿಲ್ಲ. ರೈತ ಗೋಗರೆದ. ಮುಂದೆ ಹಾಡುವವರಿಲ್ಲದೆ ನಮಗೆ ಬರುವುದಿಲ್ಲ ಎಂದುಬಿಟ್ಟರು. ಕೊನೆಗೆ ಅವನು ಗಾಡಿ ಕಟ್ಟಿ, ಪಕ್ಕದ ಊರಿನಿಂದ ಆರು ಜನ ಹಾಡುವವರನ್ನು ಕರೆತಂದ.

“ಅವರು ಚಪ್ಪರದಲ್ಲಿ ಕೂತು ತಮ್ಮ ಊರಿನ ಧಾಟಿಯಲ್ಲಿ ಶುರು ಮಾಡಿದರು. ಎರಡು ಸೊಲ್ಲು ಆಗಿತ್ತೋ ಇಲ್ಲವೋ, ಮೂಲೆಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದ ಹೆಂಗಸಿಗೆ ತಡೆಯಲಾಗಲಿಲ್ಲ.

“‘ಅಯ್ಯೋ, ನಿಲ್ಸ್ರವ್ವ! ನಮ್ಮೂರಲ್ಲಿ ಹಿಂಗಲ್ಲ!’ ಎಂದು ತಾನೇ ಹಾಡಿ ತೋರಿಸಿದಳು. ಅವಳನ್ನು ತಿದ್ದಲು ಇನ್ನೊಬ್ಬಳು ಎದ್ದಳು. ತಿದ್ದಿದ್ದೇ ತಪ್ಪೆಂದು ಮೂವರು ಎದ್ದರು. ಜಗಳವಾಡುತ್ತಲೇ ಎಲ್ಲರೂ ಹಾಡಿದರು. ಬಂದ ಆರು ಜನ ತಿಂಡಿ ತಿಂದು, ಎಲೆಅಡಿಕೆ ಹಾಕಿಕೊಂಡು, ಸದ್ದಿಲ್ಲದೆ ತಮ್ಮ ಊರಿನ ದಾರಿ ಹಿಡಿದರು.

“ರೈತ ಬಂದು ನೋಡಿದ. ತಾನು ಕರೆತಂದವರಲ್ಲಿ ಒಬ್ಬರೂ ಇಲ್ಲ. ಕೊಟ್ಟಿಗೆಯಲ್ಲಿ ಹುಡುಕಿದ, ಕೆರೆ ಏರಿಯವರೆಗೂ ಓಡಿದ. ಹೆಂಡತಿ ಹಿಂದೆಯೇ ಓಡಿಬಂದು ಅವನ ಹೆಗಲ ವಲ್ಲಿ ಹಿಡಿದು ಜಗ್ಗಿದಳು.

“‘ಹಾಡೋರು ಎಲ್ಲೋದ್ರೇ?’ ಎಂದ ರೈತ.

“‘ಕಿವಿ ಕೆಟ್ಟೋಯ್ತಾ ನಿಮ್ಗೆ? ಅಲ್ಲಿ ಊರೆಲ್ಲ ಹಾಡ್ತಾ ಕೂತದೆ. ಧಾರೆಗೆ ಹೊತ್ತಾಯ್ತು, ಬನ್ನಿ!’

“ಅವನು ಎದ್ದುಬಿದ್ದು ಓಡಿಬಂದು ಮಗಳನ್ನು ಧಾರೆ ಎರೆದು ಕೊಟ್ಟ. ಹಾಡು ಕೇಳುತ್ತ ನಕ್ಕ, ನಗುತ್ತಲೇ ಅತ್ತ. ಅಷ್ಟು ಸಂತೋಷ ಅವನಿಗೆ.”

ಶಿಷ್ಯ ಜೋರಾಗಿ ನಕ್ಕ. “ತಿಳಿಯಿತು ಗುರುಗಳೇ. ಬಂದವರು ಹಾಡಿದ್ದು ಎರಡೇ ಸೊಲ್ಲು, ಸುಮ್ಮನೆ ಕೂತಿದ್ದವರನ್ನು ಹಾಡಿಸಿ ಹೋದರು.”

“ಅದು ಸರಿ,” ಎಂದರು ಗುರುಗಳು. “ಎದ್ದ ಆ ಕೈಯನ್ನು ನೀನು ಒಮ್ಮೆಯಾದರೂ ಹಿಡಿದುಕೊಂಡೆಯಾ?”