ಜೇನುದೇವರ ಪ್ರಾಯಶ್ಚಿತ್ತ

“ಗುರುಗಳೇ, ನಮ್ಮೂರ ಧಣಿಯ ಕಾಟ ತಾಳಲಾರದೆ ಒಬ್ಬ ಹೆಣ್ಣುಮಗಳು ಸತ್ತಳು. ಧಣಿ ಹೋಮ ಮಾಡಿಸಿ ಊರಿಗೆಲ್ಲ ಊಟ ಹಾಕಿದ. ದೋಷ ಕಳೆಯಿತು ಎಂದು ಪುರೋಹಿತರು ಹೇಳಿದರು. ಕಳೆಯಿತೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಗ್ರೀಕರ ನಾಡಿನಲ್ಲಿ ಅರಿಸ್ಟೀಯಸ್ ಎಂಬ ಸಣ್ಣ ದೇವರಿದ್ದ. ಜೇನು ಸಾಕುವುದನ್ನು ಜನರಿಗೆ ಕಲಿಸಿದವನು ಅವನೇ. ಒಮ್ಮೆ ಅವನು ನದಿಯ ದಂಡೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣೊಬ್ಬಳನ್ನು ಕಂಡ. ಆಸೆಪಟ್ಟು ಬೆನ್ನಟ್ಟಿದ. ಅವಳು ಬೇಡ ಬೇಡವೆಂದು ಕೂಗುತ್ತ ಓಡಿದಳು. ಹುಲ್ಲಿನಲ್ಲಿದ್ದ ಹಾವನ್ನು ತುಳಿದಳು. ಹಾವು ಕಚ್ಚಿ ಅಲ್ಲೇ ಸತ್ತಳು. ದೇವರು ಸುಮ್ಮನೆ ಮನೆಗೆ ಹೋದ.

ಕೆಲವು ದಿನಗಳಲ್ಲಿ ಅವನ ಜೇನುಹುಳುಗಳೆಲ್ಲ ಸತ್ತವು. ಆಗ ಅವನಿಗೆ ಅಳು ಬಂತು. ಬರಿದಾದ ಗೂಡುಗಳ ಮುಂದೆ ಕೂತು ಗೋಳಾಡಿದ. “ಇದು ಆ ಹೆಣ್ಣಿನ ಸಾವಿನ ದೋಷ. ಎತ್ತುಗಳನ್ನು ಬಲಿ ಕೊಡು” ಎಂದು ಹಿರಿಯ ದೇವತೆಗಳು ಹೇಳಿದರು. ಕೊಟ್ಟ. ಸತ್ತ ಎತ್ತುಗಳ ಹೊಟ್ಟೆಯಿಂದ ಹೊಸ ಜೇನುಹುಳುಗಳು ಹಿಂಡು ಹಿಂಡಾಗಿ ಎದ್ದವು. ಜನ ಕುಣಿದಾಡಿ ಅವನಿಗೊಂದು ಗುಡಿ ಕಟ್ಟಿದರು.

ಆ ಗುಡಿಗೆ ಸತ್ತ ಹೆಣ್ಣಿನ ತಾಯಿ ಬಂದಳು. ಪೂಜಾರಿ ಅವಳ ಅಂಗೈಗೆ ಜೇನು ಹಾಕಲು ಹೋದ. ಅವಳು ಕೈ ಹಿಂದೆಗೆದಳು.

“ನಿನ್ನ ದೇವರ ಹುಳುಗಳು ಎತ್ತಿನ ಹೊಟ್ಟೆಯಿಂದ ಎದ್ದು ಬಂದವಂತೆ. ನನ್ನ ಮಗಳು ಯಾವುದರ ಹೊಟ್ಟೆಯಿಂದ ಎದ್ದು ಬರುತ್ತಾಳೆ?”

“ದೇವರು ಪ್ರಾಯಶ್ಚಿತ್ತ ಮಾಡಿಕೊಂಡಾಯಿತು, ತಾಯಿ. ಮುಗಿದದ್ದನ್ನು ಕೆದಕಬೇಡ.”

“ಯಾರ ಹತ್ತಿರ ಮುಗಿಸಿಕೊಂಡ? ನನ್ನ ಬಾಗಿಲಿಗೆ ಅವನು ಬರಲಿಲ್ಲ. ನನ್ನ ಅಳಿಯ ಹುಚ್ಚನಂತೆ ಅಲೆಯುತ್ತಿದ್ದಾನೆ, ನಿನ್ನ ದೇವರು ಅವನ ಮುಖವನ್ನೂ ನೋಡಲಿಲ್ಲ. ಮೂಕ ಎತ್ತುಗಳ ಕತ್ತು ಕೊಯ್ದನಲ್ಲ, ಅವು ಏನು ತಪ್ಪು ಮಾಡಿದ್ದವು?”

ಅವಳು ಪೂಜಾರಿಯ ಮುಂದಿದ್ದ ಜೇನಿನ ಗಡಿಗೆಯನ್ನು ಎತ್ತಿ ಮೆಟ್ಟಿಲ ಮೇಲೆ ಸುರಿದಳು. ಜನ ಸಿಟ್ಟಿಗೆದ್ದರು. ಆ ಸಿಟ್ಟು ದೇವರ ಮೇಲಲ್ಲ, ಅವಳ ಮೇಲೆ. ಗುಡಿ ಮೈಲಿಗೆಯಾಯಿತೆಂದು ಕೂಗಿ ಅವಳನ್ನು ಊರಾಚೆಗೆ ಅಟ್ಟಿದರು. ಮೆಟ್ಟಿಲು ತೊಳೆದು ಮತ್ತೆ ಪೂಜೆಗೆ ನಿಂತರು.

ಶಿಷ್ಯನಿಗೆ ಕೂರಲಾಗಲಿಲ್ಲ. ಎದ್ದು ನಿಂತು, “ಇದೆಂಥ ನ್ಯಾಯ, ಗುರುಗಳೇ? ಅಂಥವನಿಗೆ ಅಷ್ಟು ಸುಲಭವಾಗಿ ಕ್ಷಮೆ ಹೇಗೆ ಸಿಕ್ಕಿತು?” ಎಂದ.

ಗುರುಗಳು ಹೇಳಿದರು: “ಜೇನು ಬೇಕೆಂದ, ಜೇನು ಸಿಕ್ಕಿತು, ಕ್ಷಮೆಯನ್ನು ಅವನು ಇವತ್ತಿಗೂ ಕೇಳಿಲ್ಲ.”