ನಿಂಗಜ್ಜಿಯ ನೀಲಿ ಹೊಗೆ

ಒಂದಾನೊಂದು ಊರಿನಲ್ಲಿ, ಸ್ವಲ್ಪ ಒಲೆ ಹತ್ತಿರ ಸರಿದು ಕೂತ್ಕೊಳ್ಳಿ ಹೇಳ್ತೀನಿ, ಚನ್ನವೀರರಾಜ ಅಂತ ಒಬ್ಬ ರಾಜ ಇದ್ದ. ಅವನಿಗೆ ಆನೆ ಇರಲಿಲ್ಲ, ಕುದುರೆ ಇರಲಿಲ್ಲ. ಒಂದು ಹಳೇ ಕಾರಿತ್ತು. ಹೆಸರು ನಿಂಗಜ್ಜಿ. ರಾಜ ಹುಟ್ಟಿದ್ದೇ ಅದರ ಹಿಂದಿನ ಸೀಟಿನಲ್ಲಿ. ಅವ್ವ ತೀರಿಕೊಂಡ ಮೇಲೆ ಅವನನ್ನು "ಮಗಾ" ಅಂತ ಕರೆಯೋಕೆ ಉಳಿದಿದ್ದು ಆ ಕಾರು ಒಂದೇ.

ಒಂದು ಬೆಳಗ್ಗೆ ರಾಜ ಕಾರು ಸ್ಟಾರ್ಟ್ ಮಾಡಿದ. ಹಿಂದಿನಿಂದ ಬುಸ್ ಅಂತ ಹೊಗೆ ಬಂತು. ನೀಲಿ.

ಮಂತ್ರಿ ತಿಪ್ಪರಾಜಯ್ಯ ಮೇಲೆ ನೋಡಿದ, ಕೆಳಗೆ ನೋಡಿದ. "ಮಹಾಪ್ರಭು, ನೀಲಿ ಎಲ್ಲಿರುತ್ತೆ? ಆಕಾಶದಲ್ಲಿ. ಈಕೆ ಕದ್ದು ಆಕಾಶ ಕುಡೀತಿದ್ದಾಳೆ. ಹೀಗೇ ಬಿಟ್ಟರೆ ದೀಪಾವಳಿ ಹೊತ್ತಿಗೆ ನಮ್ಮ ತಲೆ ಮೇಲೆ ಏನೂ ಇರಲ್ಲ."

ರಾಜ ಹೆದರಿದ. ಕಾರಿನ ಮೇಲೆ ನಲವತ್ತು ಕೊಡೆ ಹಿಡಿಸಿದ. ಬೆಳಗ್ಗೆ ಹೊಗೆ ಬಂತು. ನೀಲಿ.

"ಹಾಗಾದರೆ ಊರಿನ ನೀಲಿ ಕುಡೀತಿದ್ದಾಳೆ" ಅಂದ ಮಂತ್ರಿ. ನೀಲಿ ಸೀರೆ, ನೀಲಿ ಶಾಯಿ, ನೀಲಿ ಬಾಗಿಲು ಎಲ್ಲ ಉಗ್ರಾಣ ಸೇರಿದವು. ನೇರಳೆ ಹಣ್ಣು ತಿಂದವರು ನಾಲಿಗೆ ತೋರಿಸಬಾರದು ಅಂತ ಡಂಗುರ ಸಾರಿದರು. ಒಂದು ನವಿಲು ತಾನಾಗೇ ಬಂದು ಶರಣಾಯಿತು. ಬೆಳಗ್ಗೆ ಹೊಗೆ ಬಂತು. ನೀಲಿ.

"ಹಳದಿ ಬೆರೆಸೋಣ, ಹಸಿರಾಗುತ್ತೆ. ನೋಡಿದವರು ಮರ ಅಂದ್ಕೋತಾರೆ" ಅಂದ ಮಂತ್ರಿ. ಬಾನೆಟ್ ತುಂಬ ಅರಿಶಿನ ಬಳಿದರು. ಬೆಳಗ್ಗೆ ಹೊಗೆ ಬಂತು. ನೀಲಿ. ನಿಂಗಜ್ಜಿ ಮಾತ್ರ ಮದುಮಗಳ ಹಾಗೆ ಕಾಣ್ತಿದ್ದಳು.

"ಇನ್ನು ಗುಜರಿಯೇ ಗತಿ" ಅಂದ ಮಂತ್ರಿ. ಗುಜರಿಯವನು ಸುತ್ತಿಗೆ ಹಿಡಿದು ಬಂದ. ರಾಜ ಸ್ಟೇರಿಂಗ್ ತಬ್ಬಿಕೊಂಡು ಗೊಳೋ ಅಂತ ಅತ್ತ.

ಅಳು ಕೇಳಿ ಎದುರು ಗ್ಯಾರೇಜಿನ ಜೈನಾಬಿ ಬಂದಳು. ಕೈಯಲ್ಲಿ ನಟ್ಟು ಬಿಚ್ಚೋ ಪಾನಾ. "ದೊರೆಗಳೇ, ಏನಾಗಿದೆ ಅಂತ ಅಜ್ಜಿನ ಯಾರಾದರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ.

ಜೈನಾಬಿ ಎಲ್ಲರನ್ನೂ ದೂರ ಕಳಿಸಿ ಬಂಪರ್ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಅಜ್ಜೀ, ಹೊಗೆ ಯಾವಾಗ ಬರುತ್ತೆ? ದಿಬ್ಬ ಹತ್ತುವಾಗಲಾ?"

"ಇಲ್ಲ ಮಗಳೇ. ಎದ್ದ ಕೂಡಲೇ ಒಂದು ಸಲ. ಆಮೇಲೆ ಇಲ್ಲ." ನಿಂಗಜ್ಜಿ ದನಿ ತಗ್ಗಿಸಿದಳು. "ರಾತ್ರಿ ನಿಂತಲ್ಲೇ ಎಣ್ಣೆ ತೊಟ್ಟು ತೊಟ್ಟಾಗಿ ಒಳಗೆ ಇಳಿಯುತ್ತೆ. ತಡೆಯೋಕೆ ಆಗಲ್ಲ. ಈ ವಯಸ್ಸಿನಲ್ಲಿ ಇದನ್ನ ಯಾರ ಹತ್ತಿರ ಹೇಳ್ಕೊಳ್ಳಲಿ? ನಾಚಿಕೆ."

"ಅಯ್ಯೋ, ಇಷ್ಟೇನಾ! ದಿಬ್ಬ ಹತ್ತುವಾಗ ಬಂದಿದ್ರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಎಂಜಿನ್ನೇ ಬಿಚ್ಚಬೇಕಿತ್ತು. ಇದು ಬರೀ ವಾಲ್ವ್ ಸೀಲ್. ಬೆರಳ ತುದಿಯಷ್ಟು ರಬ್ಬರು. ಒಣಗಿ ಕಲ್ಲಾಗಿದೆ. ಅದಕ್ಕೇ ಎಣ್ಣೆ ಸೋರಿ, ಸುಟ್ಟು, ನೀಲಿ ಆಗ್ತಿದೆ."

ಎಂಟು ಹಳೇ ಸೀಲ್ ತೆಗೆದಳು. ಎಂಟು ಹೊಸದು ಕೂರಿಸಿದಳು. ಬೆಳಗ್ಗೆ ರಾಜ ಕಣ್ಣು ಮುಚ್ಚಿಕೊಂಡು ಸ್ಟಾರ್ಟ್ ಮಾಡಿದ. ಎಂಜಿನ್ ಗುರ್ ಅಂತು. ಹೊಗೆ ಇಲ್ಲ.

"ಮೊದಲೇ ಹೇಳಬಾರದಿತ್ತಾ ಅಜ್ಜೀ?" ಅಂದ ರಾಜ, ಕಣ್ಣೊರೆಸಿಕೊಂಡು.

"ಮೊದಲೇ ಕೇಳಬಾರದಿತ್ತಾ ಮಗಾ? ನೀನೂ ದಿನಾ ಎದ್ದ ಕೂಡಲೇ ಕೆಮ್ಮಿ ಕ್ಯಾಕರಿಸ್ತೀಯ. ನಿನ್ನನ್ನ ಯಾರಾದರೂ ಗುಜರಿಗೆ ಹಾಕಿದ್ರಾ?"

ಮಂತ್ರಿ ಅದನ್ನು ಬರೆದುಕೊಳ್ಳೋಕೆ ಹೋದ. ರಾಜ ಪೆನ್ನು ಕಿತ್ತುಕೊಂಡ.

ನೀತಿ ಏನಪ್ಪ ಅಂದರೆ, ವಯಸ್ಸಾದವರ ಹತ್ತಿರ ಎಂಜಿನ್ ತಣ್ಣಗಿದ್ದಾಗ ಕೂತು, ಏನಾಗಿದೆ ಅಂತ ಕೇಳಿ. ನಿಂಗಜ್ಜಿ ಹೊರಟಳು, ಕತೆಯೂ ಅವಳನ್ನೇ ಹತ್ತಿಕೊಂಡು ಹೋಯಿತು. ಬೇಕಾದವರು ಓಡಿ ಹಿಡ್ಕೊಳ್ಳಿ.